ಮ್ಯೂಆನ್ ದತ್ತಾಂಶ ವಿಶ್ಲೇಷಣೆಯ ಸಾಫ್ಟ್‌ವೇರ್: ಕೈಯಾರೆ ಪರೀಕ್ಷಿಸುವ ಕ್ರಮ

ಮ್ಯೂಆನ್ ಪ್ರಯೋಗಗಳಲ್ಲಿ ಸಿಗುವ ಎಣಿಕೆಗಳನ್ನು ಓದಿ, ತಿದ್ದಿ, ಗ್ರಾಫ್ ಬರೆದು, ಅವುಗಳಿಂದ ಭೌತಿಕ ಪರಿಮಾಣಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಿವೆ. ಒಬ್ಬ ಮನುಷ್ಯ ಪರದೆಯ ಮುಂದೆ ಕೂತು, ಉತ್ತರ ಗೊತ್ತಿರುವ ದತ್ತಾಂಶವನ್ನು ಇವಕ್ಕೆ ಕೊಟ್ಟು, ಒಂದೊಂದೇ ಹಂತವನ್ನು ಒರೆಗೆ ಹಚ್ಚುವ ಕೆಲಸವೇ ಕೈಯಾರೆ ಪರೀಕ್ಷೆ. ಬೆಂಗಳೂರಿನ ಕಂಪನಿಗಳಲ್ಲಿ ಇದನ್ನು ಮ್ಯಾನುಯಲ್ ಟೆಸ್ಟಿಂಗ್ ಎನ್ನುತ್ತಾರೆ. ಆದರೆ ವ್ಯವಹಾರದ ಸಾಫ್ಟ್‌ವೇರಿಗೂ ವಿಜ್ಞಾನದ ಸಾಫ್ಟ್‌ವೇರಿಗೂ ನಡುವೆ ದೊಡ್ಡ ಅಂತರವಿದೆ. ಬ್ಯಾಂಕ್ ಖಾತೆಯಿಂದ 500 ರೂಪಾಯಿ ತೆಗೆದರೆ ಎಷ್ಟು ಉಳಿಯಬೇಕೆಂದು ಪರೀಕ್ಷಕರಿಗೆ ಮೊದಲೇ ಗೊತ್ತು. ಹೊಸದೊಂದು ಕಾಂತೀಯ ವಸ್ತುವಿನೊಳಗೆ ಮ್ಯೂಆನ್ ಯಾವ ಆವರ್ತನದಲ್ಲಿ ಸುತ್ತುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ತಿಳಿಯಲೆಂದೇ ಪ್ರಯೋಗ ಮಾಡುವುದು. ಸಾಫ್ಟ್‌ವೇರ್ ತಪ್ಪಿದರೆ ಆ ತಪ್ಪು ಹೊಸ ಶೋಧದ ವೇಷದಲ್ಲೇ ಬರುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆಗೆ ಕೂರುವವರು ಭೌತವಿಜ್ಞಾನವನ್ನು ತಿಳಿದೇ ಕೂರಬೇಕು. ಗುಂಡಿ ಒತ್ತುವ ಮೊದಲು ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಕಣದ ಪರಿಚಯ

ಮ್ಯೂಆನ್ ಎಲೆಕ್ಟ್ರಾನಿನ ಬಳಗಕ್ಕೇ ಸೇರಿದ ಕಣ. ರಾಶಿ ಮಾತ್ರ ಸುಮಾರು 207 ಪಟ್ಟು ಹೆಚ್ಚು. 1936ರಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡರ್‌ಮೇಯರ್ ವಿಶ್ವಕಿರಣಗಳಲ್ಲಿ ಇದನ್ನು ಗುರುತಿಸಿದರು. ಇದರ ಸರಾಸರಿ ಆಯುಸ್ಸು 2.197 ಮೈಕ್ರೊಸೆಕೆಂಡ್. ವಾಯುಮಂಡಲದ ಮೇಲ್ಭಾಗದಲ್ಲಿ ಹುಟ್ಟುವ ಮ್ಯೂಆನ್‌ಗಳು ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಅಥಣಿ ತಾಲ್ಲೂಕಿನ ಐಗಳಿಯಲ್ಲಿ 10 ಚದರ ಮೀಟರಿನ ಒಂದು ಮಾಳಿಗೆ ಇದ್ದರೆ ಅದರ ಮೂಲಕ ನಿಮಿಷಕ್ಕೆ ಲಕ್ಷದ ಆಸುಪಾಸು ಮ್ಯೂಆನ್‌ಗಳು ಹಾದುಹೋಗುತ್ತವೆ. ಅವು ಯಾರಿಗೂ ಕಾಣುವುದಿಲ್ಲ, ಯಾರಿಗೂ ತಗಲಿದಂತೆ ಅನಿಸುವುದಿಲ್ಲ.

ಪ್ರಯೋಗಾಲಯಗಳು ಮ್ಯೂಆನ್‌ಗಳನ್ನು ಆಕಾಶದಿಂದ ಕಾಯದೆ ವೇಗವರ್ಧಕದಲ್ಲಿ ತಯಾರಿಸುತ್ತವೆ. ಇಂಗ್ಲೆಂಡಿನ ರದರ್‌ಫರ್ಡ್ ಆ್ಯಪಲ್‌ಟನ್ ಪ್ರಯೋಗಾಲಯದ ಐಸಿಸ್, ಸ್ವಿಟ್ಜರ್ಲೆಂಡಿನ ಪೌಲ್ ಶೆರ್ರರ್ ಸಂಸ್ಥೆ, ಕೆನಡಾದ ಟ್ರಯಂಫ್ ಮತ್ತು ಜಪಾನಿನ ಜೆ-ಪಾರ್ಕ್ ಇದಕ್ಕೆ ಹೆಸರಾದ ಕೇಂದ್ರಗಳು. ಪಯಾನ್ ಕಣ ಒಡೆದು ಹುಟ್ಟುವ ಈ ಮ್ಯೂಆನ್‌ಗಳ ಗಿರಕಿ (ಸ್ಪಿನ್) ಎಲ್ಲ ಒಂದೇ ದಿಕ್ಕಿಗಿರುತ್ತದೆ. ಅವನ್ನು ಪರೀಕ್ಷಿಸಬೇಕಾದ ವಸ್ತುವಿನೊಳಗೆ ನಿಲ್ಲಿಸಿದಾಗ ಅಲ್ಲಿನ ಕಾಂತಕ್ಷೇತ್ರಕ್ಕೆ ತಕ್ಕಂತೆ ಗಿರಕಿಯ ದಿಕ್ಕು ಸುತ್ತುತ್ತದೆ. ಕೊನೆಗೆ ಮ್ಯೂಆನ್ ಒಡೆದು ಪಾಸಿಟ್ರಾನ್ ಚಿಮ್ಮುವಾಗ ಅದು ಹೆಚ್ಚಾಗಿ ಗಿರಕಿಯ ದಿಕ್ಕಿಗೇ ಚಿಮ್ಮುತ್ತದೆ. ಈ ಪಕ್ಷಪಾತವನ್ನು 1957ರಲ್ಲಿ ಗಾರ್ವಿನ್, ಲೆಡರ್‌ಮನ್ ಮತ್ತು ವೈನ್‌ರಿಕ್ ಪ್ರಯೋಗದಿಂದ ತೋರಿಸಿಕೊಟ್ಟರು. ಪಾಸಿಟ್ರಾನ್‌ಗಳು ಯಾವ ಕಡೆ, ಯಾವ ಕ್ಷಣದಲ್ಲಿ ಬಂದವೆಂದು ಎಣಿಸಿದರೆ ವಸ್ತುವಿನೊಳಗಿನ ಕಾಂತಕ್ಷೇತ್ರದ ಕಥೆ ತಿಳಿಯುತ್ತದೆ. ಎಣಿಕೆಯಿಂದ ಕಥೆಯವರೆಗಿನ ಇಡೀ ದಾರಿಯನ್ನು ಸಾಫ್ಟ್‌ವೇರ್ ನಡೆಸುತ್ತದೆ.

ಕೋಲಾರದ ಗಣಿಯಲ್ಲಿ ಕಣ್ಣಿನ ಲೆಕ್ಕ

ಮ್ಯೂಆನ್ ದತ್ತಾಂಶವನ್ನು ಮನುಷ್ಯರ ಕಣ್ಣೇ ಪರಿಶೀಲಿಸುತ್ತಿದ್ದ ಕಾಲದ ಅತ್ಯುತ್ತಮ ಉದಾಹರಣೆ ಕರ್ನಾಟಕದಲ್ಲೇ ಇದೆ. ಕೋಲಾರ ಚಿನ್ನದ ಗಣಿಯ ಆಳದಲ್ಲಿ ಮ್ಯೂಆನ್‌ಗಳ ತೀವ್ರತೆ ಅಳೆಯುವ ಕೆಲಸವನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಲ್ಲಿ ಕೈಗೆತ್ತಿಕೊಂಡರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದ ಬಿ. ವಿ. ಶ್ರೀಕಂಠನ್ ಆ ಮೊದಲ ತಂಡದಲ್ಲಿದ್ದವರು, ಮೈಸೂರು ಸೀಮೆಯವರು. ಕೆಳಗಿಳಿದಷ್ಟೂ ಬಂಡೆ ಮ್ಯೂಆನ್‌ಗಳನ್ನು ತಡೆಯುತ್ತದೆ. ಎಣಿಕೆ ಇಳಿಯುತ್ತ ಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಉಪಕರಣವಿಟ್ಟಾಗ ಒಂದೂ ಮ್ಯೂಆನ್ ದಾಖಲಾಗಲಿಲ್ಲ. ಆ ಸೊನ್ನೆಯೇ ಮುಂದಿನ ಪ್ರಯೋಗಕ್ಕೆ ದಾರಿಯಾಯಿತು. ವಿಶ್ವಕಿರಣಗಳ ಗದ್ದಲ ಇಲ್ಲದ ಇಂಥ ಕಡೆ ನ್ಯೂಟ್ರಿನೊಗಳು ಬಂಡೆಯಲ್ಲಿ ಹುಟ್ಟಿಸುವ ಅಪರೂಪದ ಮ್ಯೂಆನ್‌ಗಳನ್ನು ಹಿಡಿಯಬಹುದೆಂಬುದು ಖಚಿತವಾಯಿತು.

ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಉಪಕರಣಗಳನ್ನು ಕಟ್ಟಿದರು. ಪ್ಲಾಸ್ಟಿಕ್ ಸಿಂಟಿಲೇಟರಿನ ಎರಡು ಗೋಡೆಗಳಲ್ಲಿ ಒಟ್ಟಿಗೇ ಬೆಳಕು ಮಿಂಚಿದರೆ ನಡುವಿನ ನಿಯಾನ್ ಕೊಳವೆಗಳಿಗೆ ಹೆಚ್ಚು ವೋಲ್ಟೇಜಿನ ಹೊಡೆತ ಹೋಗುತ್ತಿತ್ತು. ಕಣ ಹಾದುಹೋದ ಕೊಳವೆಗಳಷ್ಟೇ ಹೊಳೆಯುತ್ತಿದ್ದವು, ಕ್ಯಾಮೆರಾ ಅದನ್ನು ಫಿಲ್ಮಿನಲ್ಲಿ ಹಿಡಿಯುತ್ತಿತ್ತು. ಆಮೇಲಿನದೆಲ್ಲ ಕೈಕೆಲಸ. ಫಿಲ್ಮ್ ನೋಡಿ, ಹೊಳೆದ ಕೊಳವೆಗಳ ಮೂಲಕ ಗೆರೆ ಎಳೆದು, ಕೋನ ಅಳೆಯಬೇಕಿತ್ತು. ಗೆರೆ ಹೆಚ್ಚು ಕಡಿಮೆ ನೆಟ್ಟಗೆ ಮೇಲಿನಿಂದ ಬಂದಿದ್ದರೆ ಅದು ಆಕಾಶದಿಂದ ಇಳಿದ ಮ್ಯೂಆನ್ ಇರಬಹುದು. ಅಡ್ಡಲಾಗಿ ಬಂದಿದ್ದರೆ ಅಷ್ಟು ದಪ್ಪ ಬಂಡೆಯನ್ನು ದಾಟಿ ಮ್ಯೂಆನ್ ಬರುವುದು ಸಾಧ್ಯವಿಲ್ಲ. ಅದು ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೊ ಹುಟ್ಟಿಸಿದ್ದು. 1965ರ ಆಗಸ್ಟ್‌ನಲ್ಲಿ ಪ್ರಕಟವಾದ ಈ ಫಲಿತಾಂಶ ವಾಯುಮಂಡಲದ ನ್ಯೂಟ್ರಿನೊಗಳ ಮೊದಲ ವರದಿಯಾಯಿತು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡದವರು ಪಡೆದ ಫಲಿತಾಂಶ ಅದೇ ತಿಂಗಳು, ಇದರ ಬೆನ್ನಿಗೇ ಬಂತು.

ಒಂದು ಗೆರೆಯ ಕೋನವನ್ನು ತಪ್ಪಾಗಿ ಓದಿದರೆ ಇಡೀ ತೀರ್ಮಾನವೇ ಬದಲಾಗುವ ಪ್ರಯೋಗವಿದು. ಘಟನೆಗಳು ಬೆರಳೆಣಿಕೆಯಷ್ಟಿದ್ದಾಗ ಸರಾಸರಿಯ ಆಸರೆ ಇರುವುದಿಲ್ಲ. ಪ್ರತಿ ಚಿತ್ರಕ್ಕೂ ಪ್ರತ್ಯೇಕವಾಗಿ ಜವಾಬು ಕೊಡಬೇಕು. 1980ರ ಕೊನೆಗೆ ಅದೇ ಗಣಿಯಲ್ಲಿ ಸುಮಾರು 140 ಟನ್ ಕಬ್ಬಿಣದ ಹಲಗೆಗಳು ಮತ್ತು 34 ಪದರಗಳ ಅನಿಲ ಎಣಿಕೆಯಂತ್ರಗಳಿಂದ ಪ್ರೋಟಾನ್ ಕ್ಷಯದ ಹುಡುಕಾಟ ಶುರುವಾದಾಗ ಈ ಹೊಣೆ ಇನ್ನೂ ಹೆಚ್ಚಿತು. ಪ್ರೋಟಾನ್ ಒಡೆದಂತೆ ಕಾಣುವ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು. ಅಮೆರಿಕದ ಐಎಂಬಿ, ಜಪಾನಿನ ಕಾಮಿಯೊಕಾಂಡೆಯಂಥ ದೊಡ್ಡ ಉಪಕರಣಗಳಲ್ಲಿ ಅದಕ್ಕೆ ಪುಷ್ಟಿ ಸಿಗಲಿಲ್ಲ. ಆದರೂ ಕೋಲಾರದವರು ಪ್ರತಿ ಘಟನೆಯ ಪದರ ಪದರದ ನಕ್ಷೆಯನ್ನೂ ಮುದ್ರಿಸಿ ಎಲ್ಲರ ಮುಂದೆ ಇಟ್ಟದ್ದರಿಂದಲೇ ಆ ಚರ್ಚೆ ನಡೆಯುವುದು ಸಾಧ್ಯವಾಯಿತು. ವಿಶ್ಲೇಷಣೆಯ ಹಂತಗಳು ಬಿಚ್ಚಿ ನೋಡುವಂತಿರಬೇಕು ಎಂಬ ಈ ಶಿಸ್ತು ಇಂದಿನ ಸಾಫ್ಟ್‌ವೇರ್ ಪರೀಕ್ಷೆಯಲ್ಲೂ ಮುಖ್ಯ. ಗಣಿ 2001ರಲ್ಲಿ ಮುಚ್ಚಿತು.

ಇಂದಿನ ಸಾಫ್ಟ್‌ವೇರ್

ಗಿರಕಿ ಪ್ರಯೋಗಗಳಿಗೆ ಇಂದು ಮೂರು ಸಾಫ್ಟ್‌ವೇರ್‌ಗಳು ಹೆಚ್ಚು ಬಳಕೆಯಲ್ಲಿವೆ: ಐಸಿಸ್‌ನ ಫ್ರಾನ್ಸಿಸ್ ಪ್ರ್ಯಾಟ್ ಬರೆದ ವಿಮ್ಡಾ, ಪೌಲ್ ಶೆರ್ರರ್ ಸಂಸ್ಥೆಯ ಮಸ್‌ಆರ್‌ಫಿಟ್, ಮತ್ತು 2007ರಲ್ಲಿ ಐಸಿಸ್‌ನಲ್ಲಿ ಆರಂಭವಾಗಿ ಈಗ ಹಲವು ದೇಶಗಳವರು ಸೇರಿ ಬೆಳೆಸುತ್ತಿರುವ ಮ್ಯಾಂಟಿಡ್. ಮ್ಯಾಂಟಿಡ್ ಮುಕ್ತ ಸಾಫ್ಟ್‌ವೇರ್. ಸಿ ಪ್ಲಸ್ ಪ್ಲಸ್ ಮತ್ತು ಪೈಥಾನ್ ಭಾಷೆಗಳಲ್ಲಿ ಬರೆದದ್ದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮ್ಯೂಆನ್ ದತ್ತಾಂಶಕ್ಕಾಗಿಯೇ ಅದರಲ್ಲಿ ಬೇರೆ ವಿಂಡೋಗಳಿವೆ. ಫೈಲ್ ತೆರೆಯುವುದು, ತಿದ್ದುಪಡಿ, ಡಿಟೆಕ್ಟರ್‌ಗಳನ್ನು ಗುಂಪು ಮಾಡುವುದು, ಫಿಟ್ ಮಾಡುವುದು (ದತ್ತಾಂಶಕ್ಕೆ ಸೂತ್ರದ ಗೆರೆ ಹೊಂದಿಸುವುದು), ಫಲಿತಾಂಶದ ಪಟ್ಟಿ ಹೀಗೆ ಒಂದೊಂದಕ್ಕೂ ಒಂದೊಂದು ಟ್ಯಾಬ್.

ಕೋಡ್ ಬದಲಾದಾಗಲೆಲ್ಲ ಕಂಪ್ಯೂಟರ್ ತಾನಾಗಿ ಓಡಿಸುವ ಪರೀಕ್ಷೆಗಳು ಇದರಲ್ಲಿ ಹೇರಳ. ಹಾಗಿದ್ದೂ ಹೊಸ ಆವೃತ್ತಿ ಬಿಡುಗಡೆಯಾಗುವ ಮೊದಲು ಜನ ಕೂತು ಕೈಯಿಂದ ಪರೀಕ್ಷಿಸುತ್ತಾರೆ. ತಾನಾಗಿ ಓಡುವ ಪರೀಕ್ಷೆ ಅದನ್ನು ಬರೆದವರಿಗೆ ಹೊಳೆದ ದಾರಿಯಲ್ಲಷ್ಟೇ ನಡೆಯುತ್ತದೆ. ರಾತ್ರಿ ಪಾಳಿಯಲ್ಲಿ ಬೀಮ್ ಸಮಯ ಮುಗಿಯುತ್ತ ಬಂದ ವಿದ್ಯಾರ್ಥಿ ಯಾವ ಕ್ರಮದಲ್ಲಿ ಗುಂಡಿಗಳನ್ನು ಒತ್ತುತ್ತಾನೋ ಯಾರೂ ಊಹಿಸಿರುವುದಿಲ್ಲ. ಫಿಟ್ ನಡೆಯುತ್ತಿರುವಾಗಲೇ ಗುಂಪು ಬದಲಿಸುತ್ತಾನೆ, ಕೊನೆಯ ಸಮಯವನ್ನು ಆರಂಭದ ಸಮಯಕ್ಕಿಂತ ಕಡಿಮೆ ಕೊಡುತ್ತಾನೆ, ಸಂಖ್ಯೆ ಬರೆಯಬೇಕಾದಲ್ಲಿ ಅಕ್ಷರ ಟೈಪ್ ಮಾಡುತ್ತಾನೆ. ಕೈಯಾರೆ ಪರೀಕ್ಷಿಸುವವರು ಬೇಕೆಂದೇ ಇದನ್ನೆಲ್ಲ ಮಾಡಿ ನೋಡುತ್ತಾರೆ.

ಬೆಳ್ಳಿಯ ತಗಡು, 20 ಗೌಸ್

ಪರೀಕ್ಷೆಗೆ ಬೆಳ್ಳಿಯ ತಗಡಿನ ದತ್ತಾಂಶಕ್ಕಿಂತ ಒಳ್ಳೆಯ ಆರಂಭ ಇಲ್ಲ. ಬೆಳ್ಳಿಯ ನ್ಯೂಕ್ಲಿಯಸ್ಸುಗಳ ಕಾಂತತ್ವ ತೀರ ಸಣ್ಣದು, ಆದ್ದರಿಂದ ಅದರೊಳಗೆ ನಿಂತ ಮ್ಯೂಆನ್ ಹೊರಗಿನಿಂದ ಕೊಟ್ಟ ಕ್ಷೇತ್ರಕ್ಕೆ ತಕ್ಕಂತೆ ಮಾತ್ರ ಸುತ್ತುತ್ತದೆ. ಮ್ಯೂಆನ್ ಒಂದು ಗೌಸ್ ಕ್ಷೇತ್ರಕ್ಕೆ 0.01355 ಮೆಗಾಹರ್ಟ್ಸ್‌ನಂತೆ ಸುತ್ತುವುದರಿಂದ 20 ಗೌಸ್ ಅಡ್ಡ ಕ್ಷೇತ್ರದಲ್ಲಿ ಆವರ್ತನ 0.271 ಮೆಗಾಹರ್ಟ್ಸ್ ಬರಬೇಕು. ಒಂದು ಸುತ್ತಿಗೆ 3.69 ಮೈಕ್ರೊಸೆಕೆಂಡ್ ಹಿಡಿಯಬೇಕು. ಪರೀಕ್ಷಕರು ಫೈಲ್ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳುವ ಸಂಖ್ಯೆಗಳು ಇವು.

ಫೈಲ್ ತೆರೆದ ಕೂಡಲೇ ಕಾಣಬೇಕಾದದ್ದು ಇಳಿಯುವ ಗೆರೆ. ಎಲ್ಲ ಡಿಟೆಕ್ಟರ್‌ಗಳ ಎಣಿಕೆ ಕೂಡಿಸಿ ಘಾತೀಯ ಇಳಿತಕ್ಕೆ ಫಿಟ್ ಮಾಡಿದರೆ ಆಯುಸ್ಸು 2.197 ಮೈಕ್ರೊಸೆಕೆಂಡಿಗೆ ಹತ್ತಿರ ಬರಬೇಕು. ಬೇರೇನಾದರೂ ಬಂದರೆ ಸಮಯದ ಅಳತೆ ಓದುವಲ್ಲೇ ಎಡವಟ್ಟಾಗಿದೆ. ಮುಂದಿನ ಯಾವ ಹಂತವನ್ನೂ ನಂಬುವಂತಿಲ್ಲ.

ಆಮೇಲೆ ಅಸಿಮೆಟ್ರಿ. ಮುಂದಿನ ಡಿಟೆಕ್ಟರ್‌ಗಳ ಎಣಿಕೆಯಿಂದ ಹಿಂದಿನವುಗಳ ಎಣಿಕೆಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು ಅದರ ಮೂಲ ಲೆಕ್ಕ. ಆದರೆ ಎರಡೂ ಕಡೆಯ ಡಿಟೆಕ್ಟರ್‌ಗಳು ಒಂದೇ ಸಮ ಕೆಲಸ ಮಾಡುವುದಿಲ್ಲ. ತಕ್ಕಡಿಯ ತಟ್ಟೆಗಳು ಸಮ ಇಲ್ಲದಾಗ ಹಗುರ ಬದಿಗೆ ಪಾಸಂಗ ಕಟ್ಟುವಂತೆ ಹಿಂದಿನ ಎಣಿಕೆಯನ್ನು ಆಲ್ಫಾ ಎಂಬ ಸಂಖ್ಯೆಯಿಂದ ಗುಣಿಸುತ್ತಾರೆ. ಒಂದು ಕ್ಷಣದಲ್ಲಿ ಮುಂದೆ 1200, ಹಿಂದೆ 1000 ಎಣಿಕೆ ಇದ್ದವೆನ್ನಿ. ಆಲ್ಫಾ 1 ಆದರೆ ಅಸಿಮೆಟ್ರಿ 200 ಭಾಗಿಸು 2200, ಅಂದರೆ 0.091, ಆ ಬಿಂದುವಿನ ದೋಷಗೆರೆ ಸುಮಾರು 0.021 ಇರಬೇಕು. ಆಲ್ಫಾ 1.2 ಆದರೆ ಅಸಿಮೆಟ್ರಿ ಸೊನ್ನೆ. ಹೀಗೆ ಒಂದೆರಡು ಬಿಂದುಗಳನ್ನು ಕೈಯಲ್ಲೇ ಲೆಕ್ಕ ಹಾಕಿ ಪರದೆಯ ಅಂಕಿಗೆ ಹೋಲಿಸುವುದಕ್ಕೆ ಐದು ನಿಮಿಷ ಸಾಕು. ಸೂತ್ರದಲ್ಲಿ ಆಲ್ಫಾ ತಪ್ಪು ಕಡೆ ಸೇರಿಕೊಂಡಿದ್ದರೆ ಈ ಐದು ನಿಮಿಷದಲ್ಲೇ ಸಿಕ್ಕಿಬೀಳುತ್ತದೆ.

ಆಲ್ಫಾವನ್ನು ಸಾಫ್ಟ್‌ವೇರೇ ಅಂದಾಜು ಮಾಡಿದ ಮೇಲೆ ಬೆಳ್ಳಿಯ ಅಲೆ ಸೊನ್ನೆಯ ಗೆರೆಯ ಮೇಲೂ ಕೆಳಗೂ ಸಮನಾಗಿ ಆಡಬೇಕು. ಈಗ ಪರೀಕ್ಷಕರು ಮುಂದಿನ ಗುಂಪನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಬದಲಿಸಿ, ಆಲ್ಫಾವನ್ನು ಮತ್ತೆ ಅಂದಾಜು ಮಾಡಿಸುತ್ತಾರೆ. ಹೊಸ ಆಲ್ಫಾ ಹಳೆಯದರ ವಿಲೋಮವಾಗಬೇಕು, ಅಂದರೆ 1.25 ಇದ್ದದ್ದು 0.8 ಆಗಬೇಕು. ಅಲೆ ಇದ್ದ ಹಾಗೆಯೇ ತಲೆಕೆಳಗಾಗಬೇಕು. ನಿಜವಾದ ಉತ್ತರ ಏನೆಂದು ಗೊತ್ತಿಲ್ಲದ ದತ್ತಾಂಶದ ಮೇಲೂ ಈ ಪರೀಕ್ಷೆ ನಡೆಯುತ್ತದೆ. ಅದರ ದೊಡ್ಡ ಗುಣವೇ ಅದು. ಇಂಥದ್ದೇ ಇನ್ನೊಂದು: ಪಕ್ಕಪಕ್ಕದ ನಾಲ್ಕು ಸಮಯದ ಮನೆಗಳನ್ನು (ಬಿನ್‌ಗಳನ್ನು) ಒಂದಾಗಿಸಿದರೆ ದೋಷಗೆರೆ ಅರ್ಧಕ್ಕಿಳಿಯಬೇಕು, ಆವರ್ತನ ಮಾತ್ರ ಕದಲಬಾರದು.

ಐಸಿಸ್‌ನಲ್ಲಿ ಮ್ಯೂಆನ್‌ಗಳು ತಂಡತಂಡವಾಗಿ ಬರುತ್ತವೆ. ಪ್ರತಿ ತಂಡ ಬಂದ ಆರಂಭದ ಕ್ಷಣಗಳಲ್ಲಿ ಪಾಸಿಟ್ರಾನ್‌ಗಳ ದಟ್ಟಣೆ ಹೆಚ್ಚು. ಒಂದನ್ನು ಎಣಿಸಿದ ಡಿಟೆಕ್ಟರ್ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಲೆಕ್ಕ ತಪ್ಪುತ್ತದೆ. ಇದನ್ನು ಸರಿಪಡಿಸುವ ತಿದ್ದುಪಡಿಗೆ ಡೆಡ್ ಟೈಮ್ ತಿದ್ದುಪಡಿ ಎಂದು ಹೆಸರು. ಅದನ್ನು ಹಾಕಿ, ತೆಗೆದು ಎರಡು ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ವ್ಯತ್ಯಾಸ ಆರಂಭದಲ್ಲಿ ಕಾಣಬೇಕು, 15 ಮೈಕ್ರೊಸೆಕೆಂಡಿನ ಹೊತ್ತಿಗೆ ಮಾಯವಾಗಬೇಕು. ಆ ಹೊತ್ತಿಗೆ ಎಣಿಕೆಯ ದರ ಆರಂಭದ ಸಾವಿರದ ಒಂದು ಪಾಲಿಗೆ ಇಳಿದಿರುತ್ತದೆ. ತಿದ್ದುಪಡಿ ಗ್ರಾಫಿನ ಬಾಲವನ್ನೂ ಅಲುಗಿಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಮೋಸದ ದೋಷಗಳು ನೆನಪಿನವು. ಮೊದಲ ಫೈಲಿನ ಆಲ್ಫಾ ಎರಡನೆಯ ಫೈಲಿಗೂ ಅಂಟಿಕೊಂಡಿದೆಯೇ? ಟ್ಯಾಬ್ ಬದಲಿಸಿ ಬಂದಾಗ ಫಿಟ್‌ನ ಸಮಯದ ಮಿತಿ ಹಳೆಯದಕ್ಕೆ ಮರಳಿದೆಯೇ? ಬೇರೆ ಉಪಕರಣದ ಫೈಲ್ ತೆರೆದಾಗ ಡಿಟೆಕ್ಟರ್ ಗುಂಪುಗಳು ಬದಲಾದವೇ? ಇಂಥ ಕಡೆ ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಕೆಂಪು ಅಕ್ಷರದ ಎಚ್ಚರಿಕೆಯೂ ಬರುವುದಿಲ್ಲ. ಚೆಂದದ ಗ್ರಾಫ್ ಬರುತ್ತದೆ, ಅದರ ಸಂಖ್ಯೆ ತಪ್ಪಿರುತ್ತದೆ. ಕ್ರ್ಯಾಶ್ ಆಗುವ ಪ್ರೋಗ್ರಾಮಿಗಿಂತ ಇದು ಹೆಚ್ಚು ಅಪಾಯಕಾರಿ. ಪರೀಕ್ಷೆಯ ಸಮಯವನ್ನು ಹಂಚಿಕೊಳ್ಳುವಾಗ ಈ ಬಗೆಯ ದೋಷಕ್ಕೇ ಹೆಚ್ಚು ಪಾಲು ಸಲ್ಲಬೇಕು.

ಹೊರಗಿನ ಕ್ಷೇತ್ರವಿಲ್ಲದಾಗ ಕಾಣುವ ಕುಬೊ-ತೊಯಾಬೆ ಗೆರೆಗೂ ಕೈಲೆಕ್ಕದ ಗುರುತುಗಳಿವೆ. ಅದು 1ರಿಂದ ಶುರುವಾಗಿ, ತಗ್ಗಿಗೆ ಇಳಿದು, ಮತ್ತೆ ಏರಿ ಮೂರನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ತಗ್ಗಿನ ತಳ 0.036. ಕೃತಕ ದತ್ತಾಂಶ ಮಾಡಿಕೊಂಡು ಫಂಕ್ಷನ್ ಈ ಮೂರು ಕಡೆ ಸರಿಯಾಗಿ ಹಾಯುತ್ತದೆಯೇ ಎಂದು ನೋಡಿದರೆ ಹೆಚ್ಚಿನ ಅನುಮಾನ ಪರಿಹಾರವಾಗುತ್ತದೆ. ಬಳಿಕ ಅದೇ ಫೈಲನ್ನು ವಿಮ್ಡಾದಲ್ಲೋ ಮಸ್‌ಆರ್‌ಫಿಟ್‌ನಲ್ಲೋ ತೆರೆದು ಹೋಲಿಸುವುದು ರೂಢಿ.

ಒಂದು ಚಿಹ್ನೆ ತಪ್ಪಿದಾಗ

ಎರಡು ಕಡೆ ಒಂದೇ ಉತ್ತರ ಬಂದರೆ ಸಾಕು ಎನ್ನುವವರು 2001ರ ಪ್ರಸಂಗವನ್ನು ತಿಳಿಯಬೇಕು. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಮ್ಯೂಆನಿನ ಕಾಂತತ್ವದ ಹೊಸ ಅಳತೆ ಪ್ರಕಟಿಸಿತು. ಸಿದ್ಧಾಂತಕ್ಕೂ ಅಳತೆಗೂ 2.6 ಸಿಗ್ಮಾ (ಅನಿಶ್ಚಿತತೆಯ 2.6 ಪಟ್ಟು) ಅಂತರ ಕಂಡು ಹಲವು ಭೌತವಿಜ್ಞಾನಿಗಳು ಹೊಸ ಕಣಗಳ ಮಾತಾಡತೊಡಗಿದರು. ನವೆಂಬರಿನಲ್ಲಿ ಮಾರ್ಕ್ ಕ್ನೆಕ್ಟ್ ಮತ್ತು ಆಂಡ್ರಿಯಾಸ್ ನಿಫೆಲರ್ ಸಿದ್ಧಾಂತದ ಒಂದು ತುಣುಕನ್ನು ಬೇರೆ ದಾರಿಯಿಂದ ಲೆಕ್ಕ ಹಾಕಿದಾಗ ಚಿಹ್ನೆ ಉಲ್ಟಾ ಬಂತು. ಹಿಂದೆ ಆ ಲೆಕ್ಕ ಮಾಡಿದ್ದ ಹಯಕಾವಾ ಮತ್ತು ಕಿನೊಶಿತಾ ತಮ್ಮ ಕಡತಗಳನ್ನು ಮತ್ತೆ ತೆಗೆದು ನೋಡಿದರು. ಅವರು ಬಳಸಿದ್ದ ಫಾರ್ಮ್ ಎಂಬ ಬೀಜಗಣಿತದ ಸಾಫ್ಟ್‌ವೇರ್ ಒಂದು ಟೆನ್ಸರ್ ಗುಣಲಬ್ಧಕ್ಕೆ ಇಟ್ಟುಕೊಂಡಿದ್ದ ಚಿಹ್ನೆಯ ಕಟ್ಟಳೆ ಅವರು ಭಾವಿಸಿದ್ದಕ್ಕಿಂತ ಬೇರೆಯಾಗಿತ್ತು. ಅಂತರ 1.6 ಸಿಗ್ಮಾಗೆ ಕುಸಿಯಿತು. ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಸ್ವತಂತ್ರವಾಗಿ ಲೆಕ್ಕ ಮಾಡಿದ್ದ ಬೇರೊಂದು ಗುಂಪಿನ ಉತ್ತರದಲ್ಲೂ ಚಿಹ್ನೆ ತಪ್ಪಿತ್ತು, ಆದ್ದರಿಂದಲೇ ಇಬ್ಬರಿಗೂ ಅನುಮಾನ ಬಂದಿರಲಿಲ್ಲ. ತಪ್ಪು ಗೊತ್ತಾದ ಕೂಡಲೇ ಎರಡೂ ಗುಂಪಿನವರು ಅದನ್ನು ಬರೆದು ಪ್ರಕಟಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ನಡೆ ಅದು.

ಅದೇ ಅಳತೆಯನ್ನು ಮುಂದುವರಿಸಿದ ಫರ್ಮಿಲ್ಯಾಬ್‌ನ ತಂಡ ತನ್ನ ಮನಸ್ಸಿನ ಒಲವಿಗೂ ತಡೆ ಹಾಕಿಕೊಂಡಿತು. ಅಳತೆಗೆ ಬಳಸಿದ ಗಡಿಯಾರದ ನಿಖರ ಆವರ್ತನವನ್ನು ತಂಡದ ಹೊರಗಿನವರು ಗುಟ್ಟಾಗಿ ಇಟ್ಟುಕೊಂಡಿದ್ದರು. ಹಲವು ಗುಂಪುಗಳು ಬೇರೆ ಬೇರೆ ಕೋಡ್ ಬರೆದು, ಆ ಸಂಖ್ಯೆ ಗೊತ್ತಿಲ್ಲದೆಯೇ ವಿಶ್ಲೇಷಣೆ ಮುಗಿಸಿ, ಪರಸ್ಪರ ಒಪ್ಪಿದ ಮೇಲಷ್ಟೇ ಗುಟ್ಟು ಬಿಚ್ಚಿದರು. ಮೊದಲ ಫಲಿತಾಂಶ 2021ರ ಏಪ್ರಿಲ್ 7ರಂದು ಬಂತು.

ನೀಲಗಿರಿಯ ನೆತ್ತಿಯಲ್ಲಿ

ಕೋಲಾರದ ಪರಂಪರೆ ಇಂದು ಹೆಚ್ಚಾಗಿ ಕಾಣುವುದು ಗಡಿಯಾಚೆ, ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ. ಇದನ್ನೂ ನಡೆಸುವುದು ಟಾಟಾ ಸಂಸ್ಥೆಯೇ. ಇಲ್ಲಿನ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕದಲ್ಲಿ 16 ಘಟಕಗಳಿದ್ದು ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್‌ಗಳು ದಾಖಲಾಗುತ್ತವೆ. 2014ರ ಡಿಸೆಂಬರ್ 1ರಂದು ಗುಡುಗು ಮೋಡವೊಂದು ಹಾದುಹೋದಾಗ ಹದಿನೆಂಟು ನಿಮಿಷ ಎಣಿಕೆ ಸುಮಾರು ಶೇಕಡ 2ರಷ್ಟು ಕುಸಿಯಿತು. ಅದರಿಂದ ಮೋಡದೊಳಗಿನ ವಿಭವ 1.3 ಶತಕೋಟಿ ವೋಲ್ಟ್ ಎಂದು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ವಾಯುಭಾರ ಏರಿದರೂ ಮ್ಯೂಆನ್ ಎಣಿಕೆ ಇಳಿಯುತ್ತದೆ, ಡಿಟೆಕ್ಟರ್ ಸೊರಗಿದರೂ ಇಳಿಯುತ್ತದೆ. ಇವೆರಡನ್ನೂ ಸರಿಯಾಗಿ ಕಳೆಯದ ಸಾಫ್ಟ್‌ವೇರ್ ಮೋಡವನ್ನು ನುಂಗಿಬಿಡಬಹುದು, ಇಲ್ಲದ ಮೋಡವನ್ನು ತೋರಿಸಲೂಬಹುದು. ಇಂಥ ದತ್ತಾಂಶ ನೋಡುವವರು ಮೊದಲು ಕೇಳುವ ಪ್ರಶ್ನೆ ಸರಳ: ಎಣಿಕೆ ಒಂದೇ ಘಟಕದಲ್ಲಿ ಇಳಿದಿದೆಯೋ, ಎಲ್ಲ ಘಟಕಗಳಲ್ಲೂ ಒಟ್ಟಿಗೆ ಇಳಿದಿದೆಯೋ? ಒಂದರಲ್ಲೇ ಇಳಿದಿದ್ದರೆ ಯಂತ್ರ ನೋಡಬೇಕು, ಎಲ್ಲದರಲ್ಲೂ ಇಳಿದಿದ್ದರೆ ಆಕಾಶ ನೋಡಬೇಕು.

ದೋಷ ದಾಖಲಿಸುವ ಬಗೆ

ದೋಷ ಕಂಡಾಗ ಬರೆಯುವ ವರದಿಯೂ ಪರೀಕ್ಷೆಯ ಭಾಗವೇ. ಸಾಫ್ಟ್‌ವೇರಿನ ಆವೃತ್ತಿ, ಕಂಪ್ಯೂಟರಿನ ವ್ಯವಸ್ಥೆ, ಫೈಲಿನ ರನ್ ಸಂಖ್ಯೆ, ಒತ್ತಿದ ಗುಂಡಿಗಳ ಕ್ರಮ, ನಿರೀಕ್ಷಿಸಿದ ಸಂಖ್ಯೆ, ಕಂಡ ಸಂಖ್ಯೆ ಇಷ್ಟೂ ಅದರಲ್ಲಿರಬೇಕು. "ಫಿಟ್ ಸರಿ ಬರುತ್ತಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. "20 ಗೌಸ್ ಬೆಳ್ಳಿ ರನ್ ತೆರೆದು, ಆಲ್ಫಾ ಅಂದಾಜು ಮಾಡಿ, ಎರಡನೆಯ ರನ್ ತೆರೆದಾಗ ಆಲ್ಫಾ ಹಳೆಯದೇ ಉಳಿದಿದೆ" ಎಂದು ಬರೆದರೆ ಕೋಡ್ ಬರೆದವರು ತಮ್ಮ ಮೇಜಿನಲ್ಲೇ ಅದನ್ನು ಮತ್ತೆ ಕಾಣಬಹುದು. ಒಮ್ಮೆ ಬಂದು ಮತ್ತೆ ಬಾರದ ದೋಷವನ್ನೂ ಬರೆದಿಡಬೇಕು. ಬೇರೊಬ್ಬರಿಗೆ ಅದೇ ಕಂಡಾಗ ಎರಡು ವರದಿ ಸೇರಿ ಕಾರಣ ಹೊಳೆಯುತ್ತದೆ. ತಿದ್ದಿದ ಮೇಲೆ ಅದೇ ಹಂತಗಳನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಮತ್ತೊಮ್ಮೆ ಓಡಿಸಿ ನೋಡುತ್ತಾರೆ. ಬಳಿಕ ಆ ಹಂತಗಳನ್ನು ಕಂಪ್ಯೂಟರ್ ತಾನಾಗಿ ಓಡಿಸುವ ಪರೀಕ್ಷೆಯಾಗಿ ಬರೆದು ಸೇರಿಸಬೇಕು. ಹೀಗಾದರೆ ಮುಂದಿನ ಬಿಡುಗಡೆಯ ಹೊತ್ತಿಗೆ ಪರೀಕ್ಷಕರು ಆ ದಾರಿಯನ್ನು ಯಂತ್ರಕ್ಕೆ ಬಿಟ್ಟು ಇನ್ನೂ ಯಾರೂ ತುಳಿಯದ ದಾರಿಯಲ್ಲಿ ಹೋಗಬಹುದು.